ರಿಪೇರಿಗೂ ಬೆಳೆಯಲೇಬೇಕಾದ ಊರು

ಥಾಣೆ ಸ್ಟೇಷನ್ನಿನ ಪಶ್ಚಿಮ ಬದಿಗೆ ಇಳಿದು ಗೋಖಲೆ ರಸ್ತೆ ಹಿಡಿದರೆ ನೌಪಾಡಾ. ರಾಮ್ ಮಾರುತಿ ರಸ್ತೆ, ಘಂಟಾಳಿ, ವಿಷ್ಣು ನಗರ, ಬಿ-ಕ್ಯಾಬಿನ್ ಎಲ್ಲವೂ ಅಕ್ಕಪಕ್ಕ. ಘೋಡ್‌ಬಂದರ್ ರಸ್ತೆಯುದ್ದಕ್ಕೂ ಗಗನಚುಂಬಿಗಳು ಏಳುವುದಕ್ಕೆ ಮೊದಲಿನ ಥಾಣೆ ಹೇಗಿತ್ತೆಂದು ನೋಡಲು ಉಳಿದಿರುವ ಜಾಗಗಳಲ್ಲಿ ಇದೊಂದು. ಮೂರು ನಾಲ್ಕು ಮಹಡಿಯ ಕಟ್ಟಡಗಳು. ಲಿಫ್ಟ್ ಇಲ್ಲ. ಕಾಂಪೌಂಡಿನಲ್ಲಿ ಒಂದು ಮಾವಿನ ಮರವೋ ತೆಂಗಿನ ಮರವೋ, ಅದರಡಿ ಸಾಲಾಗಿ ಸ್ಕೂಟರುಗಳು. ಅರವತ್ತು, ಎಪ್ಪತ್ತರ ದಶಕಗಳಲ್ಲಿ ನೌಕರಿ ಹಿಡಿದು ಬಂದವರು ಕೂಡಿ ಮಾಡಿಕೊಂಡ ಸಹಕಾರಿ ಹೌಸಿಂಗ್ ಸೊಸೈಟಿಗಳು ಇಲ್ಲಿ ಬೇಕಾದಷ್ಟಿವೆ. ಮರಾಠಿ, ಗುಜರಾತಿ ಮನೆಗಳ ನಡುವೆ ಕನ್ನಡ, ತುಳು ಮಾತಾಡುವ ಮನೆಗಳೂ ಉಂಟು. ಹೋಟೆಲಿನ ಕೆಲಸಕ್ಕೆಂದು ಕರಾವಳಿಯಿಂದ ಬಂದವರು, ಬ್ಯಾಂಕು ರೈಲ್ವೆಯ ನೌಕರಿಗೆ ಬಂದವರು, ಈಗ ಅವರ ಮಕ್ಕಳು, ಮೊಮ್ಮಕ್ಕಳು.

ಇಂಥ ಸೊಸೈಟಿಗಳ ವಾರ್ಷಿಕ ಸಭೆ ಸೆಪ್ಟೆಂಬರ್ ಮುಗಿಯುವುದರೊಳಗೆ ನಡೆಯಬೇಕು. ಅಂದರೆ ಮಳೆಗಾಲ ಇನ್ನೇನು ಮುಗಿಯುತ್ತಿದೆ, ಗೋಡೆಯ ಮೇಲಿನ ಹಸಿ ಇನ್ನೂ ಆರಿಲ್ಲ ಎನ್ನುವ ಹೊತ್ತಿಗೆ. ಹಾಗಾಗಿ ಸಭೆಯ ಮೊದಲ ಮಾತು ಯಾವಾಗಲೂ ಸೋರುವ ಟೆರೇಸಿನದು. ಕಂಬದ ಪ್ಲಾಸ್ಟರ್ ಉದುರಿ ತುಕ್ಕು ಹಿಡಿದ ಸರಳು ಕಾಣುತ್ತಿದೆ, ಸಜ್ಜಾ ಯಾರ ತಲೆ ಮೇಲೆ ಬೀಳುತ್ತದೋ ಗೊತ್ತಿಲ್ಲ, ಮೂರನೆಯ ಮಹಡಿಯ ಅಜ್ಜಿ ಮಂಡಿ ನೋವಿನಿಂದ ಮೂರು ತಿಂಗಳಿಂದ ಕೆಳಗೇ ಇಳಿದಿಲ್ಲ. ಎಲ್ಲವೂ ನಿಜ. ಆಮೇಲೆ ಖಜಾಂಚಿ ಲೆಕ್ಕ ಓದುತ್ತಾರೆ. ರಿಪೇರಿಗೆ ದುಡ್ಡಿಲ್ಲ. ಅಷ್ಟರಲ್ಲಿ ಯಾರೋ ಒಬ್ಬರು ಹೇಳುತ್ತಾರೆ, "ಇನ್ನು ರೀಡೆವಲಪ್‌ಮೆಂಟೇ ಸರಿ."

ಆ ಒಂದು ವಾಕ್ಯದಲ್ಲಿ ಇವತ್ತಿನ ಜಗತ್ತಿನ ದೊಡ್ಡದೊಂದು ಗಂಟು ಅಡಗಿದೆ. ಬೆಳವಣಿಗೆಗೆ ಮಿತಿ ಬೇಕೆನ್ನುವ ಡಿಗ್ರೋತ್ ವಿಚಾರಧಾರೆ ಒಂದು ಕಡೆ, ಸಮಾಜ ಸುಸ್ಥಿರತೆಯ ಕಡೆಗೆ ಹೇಗೆ ಹೊರಳುತ್ತದೆ ಎಂದು ವಿವರಿಸುವ ಸ್ಥಿತ್ಯಂತರ ಸಿದ್ಧಾಂತ ಇನ್ನೊಂದು ಕಡೆ. ಎರಡನ್ನೂ ಯುರೋಪಿನ ವಿಶ್ವವಿದ್ಯಾಲಯಗಳು ಬೆಳೆಸಿವೆ. ಒಂದಕ್ಕೊಂದು ಬಹಳ ಕಾಲ ಮಾತು ಬಿಟ್ಟವರ ಹಾಗೆ ಇದ್ದವು. ಅವು ಯಾಕೆ ಮಾತಾಡಿಕೊಳ್ಳಬೇಕು ಎಂಬುದು ನೌಪಾಡಾದ ಸೊಸೈಟಿಯ ಲೆಕ್ಕದ ಪುಸ್ತಕ ತೆರೆದರೆ ಗೊತ್ತಾಗುತ್ತದೆ.

*

ಮಹಾರಾಷ್ಟ್ರದ ಸಹಕಾರಿ ಹೌಸಿಂಗ್ ಸೊಸೈಟಿಗಳ ಮಾದರಿ ಉಪನಿಯಮಗಳಲ್ಲಿ ಎರಡು ನಿಧಿಗಳಿವೆ. ಒಂದು ಸಿಂಕಿಂಗ್ ಫಂಡ್. ಕಟ್ಟಡ ಮುಪ್ಪಾದ ಕಾಲಕ್ಕೆ ಆಗಲಿ ಎಂದು ಕೂಡಿಡುವುದು. ಪ್ರತಿ ಫ್ಲ್ಯಾಟಿನಿಂದ ವರ್ಷಕ್ಕೆ ಅದರ ನಿರ್ಮಾಣ ವೆಚ್ಚದ ಕನಿಷ್ಠ 0.25 ಶೇಕಡಾ. ಇನ್ನೊಂದು ರಿಪೇರಿ ನಿಧಿ. ಅದಕ್ಕೆ ಕನಿಷ್ಠ 0.75 ಶೇಕಡಾ. ಎರಡೂ ಸೇರಿ ನೂರಕ್ಕೆ ಒಂದು ರೂಪಾಯಿ. ಕೇಳಲು ಸರಿಯಾಗಿಯೇ ಇದೆ. ಆದರೆ ಆ ನಿರ್ಮಾಣ ವೆಚ್ಚ ಯಾವ ಕಾಲದ್ದು?

ಲೆಕ್ಕಕ್ಕೆ ಒಂದು ಉದಾಹರಣೆ ಇಟ್ಟುಕೊಳ್ಳಬಹುದು. 1975ರಲ್ಲಿ ಕಟ್ಟಿದ ಹದಿನಾರು ಮನೆಗಳ ಒಂದು ಕಟ್ಟಡ. ಒಂದೊಂದು ಮನೆ ಕಟ್ಟಲು ಆಗ 40,000 ರೂಪಾಯಿ ತಗುಲಿತ್ತು ಎನ್ನೋಣ. ಸಿಂಕಿಂಗ್ ಫಂಡಿಗೆ ವರ್ಷಕ್ಕೆ 100 ರೂಪಾಯಿ, ರಿಪೇರಿ ನಿಧಿಗೆ 300. ಹದಿನಾರು ಮನೆಗಳಿಂದ ವರ್ಷಕ್ಕೆ 6,400. ಇಷ್ಟರಲ್ಲಿ ಇವತ್ತು ನೀರಿನ ಟ್ಯಾಂಕಿನ ಒಂದು ಪಂಪು ಬದಲಿಸಬಹುದು, ಕಂಬ ಬದಲಿಸಲಾಗದು. ಉಪನಿಯಮ ಹೇಳುವುದು ಕನಿಷ್ಠವನ್ನು ಮಾತ್ರ. ಸಭೆ ಒಪ್ಪಿದರೆ ಹೆಚ್ಚು ಕೂಡಿಸಬಹುದು. ಆದರೆ ಐವತ್ತು ವರ್ಷ ಯಾವ ಸಭೆ ತಾನಾಗಿಯೇ ಮೇಂಟೆನೆನ್ಸ್ ಏರಿಸಲು ಕೈ ಎತ್ತುತ್ತದೆ?

ಆಗ ಬಿಲ್ಡರ್ ಬರುತ್ತಾನೆ. ಹಳೆಯ ಕಟ್ಟಡ ಕೆಡವಿ ಹದಿನಾರರ ಜಾಗದಲ್ಲಿ ಅರವತ್ತು ಮನೆ ಕಟ್ಟುತ್ತೇನೆ ಎನ್ನುತ್ತಾನೆ. ಹಳಬರಿಗೆ ಹೊಸ ಮನೆ ಉಚಿತ, ಕಾರ್ಪೆಟ್ ಏರಿಯಾ ಮೊದಲಿಗಿಂತ ಹೆಚ್ಚು, ಕೈಗೊಂದಿಷ್ಟು ಕಾರ್ಪಸ್, ಕಟ್ಟುವವರೆಗೆ ತಿಂಗಳ ಬಾಡಿಗೆ, ಸಾಮಾನು ಸಾಗಿಸುವ ಖರ್ಚು. ಉಳಿದ ಮನೆಗಳನ್ನು ಮಾರಿ ಇದೆಲ್ಲದರ ಖರ್ಚನ್ನೂ ತನ್ನ ಲಾಭವನ್ನೂ ತೆಗೆಯುತ್ತಾನೆ. ಇದಕ್ಕೆ ಬೇಕಾದ ಕೀಲಿಕೈ ಎಫ್‌ಎಸ್‌ಐ, ಅಂದರೆ ನಿವೇಶನದ ವಿಸ್ತೀರ್ಣದ ಎಷ್ಟು ಪಟ್ಟು ಕಟ್ಟಬಹುದು ಎಂಬ ಲೆಕ್ಕ. 2020ರ ಡಿಸೆಂಬರಿನಲ್ಲಿ ಮುಂಬಯಿ ಬಿಟ್ಟು ರಾಜ್ಯದ ಬಹುಪಾಲಿಗೆ ಜಾರಿಯಾದ ಏಕೀಕೃತ ನಿಯಮಾವಳಿ ಥಾಣೆಗೂ ಅನ್ವಯಿಸುತ್ತದೆ. ಮೂಲ ಎಫ್‌ಎಸ್‌ಐ, ಪ್ರೀಮಿಯಂ ಕಟ್ಟಿ ಕೊಳ್ಳುವ ಎಫ್‌ಎಸ್‌ಐ, ಬೇರೆಡೆಯಿಂದ ಕೊಂಡು ತರುವ ಟಿಡಿಆರ್, ಪುನರ್‌ನಿರ್ಮಾಣಕ್ಕೆಂದೇ ಕೊಡುವ ಪ್ರೋತ್ಸಾಹ, ಹೀಗೆ ಒಂದರ ಮೇಲೊಂದು ಪೇರಿಸುತ್ತ ಹೋಗಬಹುದು. ಸೊಸೈಟಿಯ ನೂರಕ್ಕೆ ಐವತ್ತೊಂದು ಸದಸ್ಯರ ಒಪ್ಪಿಗೆ ಸಿಕ್ಕರೆ ಸಾಕು ಎಂದು ಸಹಕಾರ ಇಲಾಖೆಯ 2019ರ ಜುಲೈ 4ರ ಆದೇಶ ಹೇಳುತ್ತದೆ.

ಇಲ್ಲಿ ಯಾರೂ ದುರಾಸೆಯವರೆಂದು ಹೇಳಬೇಕಾಗಿಲ್ಲ. ಬಿಲ್ಡರ್ ತನ್ನ ವ್ಯಾಪಾರ ಮಾಡುತ್ತಾನೆ, ಅಜ್ಜಿಗೆ ಲಿಫ್ಟ್ ಬೇಕು, ಪಾಲಿಕೆಗೆ ಪ್ರೀಮಿಯಂ ಬೇಕು. ಆದರೆ ಮೂವರ ಸರಿಯಾದ ಬೇಡಿಕೆಗಳು ಸೇರಿ ಒಂದು ವಿಚಿತ್ರ ನಿಯಮವಾಗಿದೆ. ಈ ಊರಿನಲ್ಲಿ ಸೋರುವ ಒಂದು ಸ್ಲ್ಯಾಬು ರಿಪೇರಿಯಾಗಬೇಕಾದರೂ ಊರು ನಾಲ್ಕು ಪಟ್ಟು ಬೆಳೆಯಬೇಕು.

ಬೆಳೆಯಲಾಗದಿದ್ದರೆ? ರಸ್ತೆ ಅಗಲವಾದಷ್ಟೂ ಎಫ್‌ಎಸ್‌ಐ ಹೆಚ್ಚು, ಗಲ್ಲಿ ಕಿರಿದಾದಷ್ಟೂ ಕಡಿಮೆ. ಕಿರಿದಾದ ಗಲ್ಲಿಯ ಮುದಿ ಕಟ್ಟಡದ ಕಡೆಗೆ ಬಿಲ್ಡರ್ ಬರುವುದಿಲ್ಲ, ರಿಪೇರಿಗೆ ಬೇರೆ ದಾರಿಯೂ ಇಲ್ಲ. 2015ರ ಆಗಸ್ಟ್ 4ರ ನಸುಕಿನಲ್ಲಿ ನೌಪಾಡಾದ ಬಿ-ಕ್ಯಾಬಿನ್ ಬಳಿಯ ಕೃಷ್ಣ ನಿವಾಸ್ ಎಂಬ ಹಳೆಯ ಕಟ್ಟಡ ಕುಸಿದು 12 ಜನ ಸತ್ತರು. ಅದಕ್ಕೆ ಒಂದು ವಾರ ಮೊದಲು ಡೊಂಬಿವಲಿಯ ಠಾಕುರ್ಲಿಯಲ್ಲಿ ಇನ್ನೊಂದು ಹಳೆಯ ಕಟ್ಟಡ ಕುಸಿದು 9 ಜನ ಸತ್ತಿದ್ದರು. ಹಳೆಯದೆಂದು ಬಿದ್ದವು ಎನ್ನಬಹುದು. ಆದರೆ 2013ರ ಏಪ್ರಿಲ್ 4ರಂದು ಇದೇ ಥಾಣೆ ಪಾಲಿಕೆಯ ಶಿಲ್ ಫಾಟಾದಲ್ಲಿ 74 ಜನರನ್ನು ಬಲಿ ತೆಗೆದುಕೊಂಡದ್ದು ಇನ್ನೂ ಕಟ್ಟುತ್ತಿದ್ದ, ಪರವಾನಗಿಯಿಲ್ಲದ ಹೊಸ ಕಟ್ಟಡ. ರಿಪೇರಿ ಕಾಣದೆ ಬಿದ್ದ ಮನೆ ಒಂದು, ಬೆಳೆಯುವ ಅವಸರದಲ್ಲಿ ಬಿದ್ದ ಮನೆ ಒಂದು. ಎರಡೂ ಒಂದೇ ಊರಿನವು. ಬೆಳೆಯಬೇಕೋ ಬೇಡವೋ ಎಂಬ ಬರೀ ಎರಡು ಮಾತಿನ ಚರ್ಚೆ ಇವೆರಡನ್ನೂ ಒಟ್ಟಿಗೆ ವಿವರಿಸಲಾರದು.

*

ಹೀಗಾಗಿಯೇ ಆ ಎರಡು ವಿಚಾರಗಳ ಸಹಾಯ ಬೇಕು. ಮೊದಲಿಗೆ ಸ್ಥಿತ್ಯಂತರ ಸಿದ್ಧಾಂತ. ಇದು ನೆದರ್ಲೆಂಡ್ಸಿನಲ್ಲಿ ಬೆಳೆದದ್ದು. ಏರಿ ರಿಪ್, ರೆನೆ ಕೆಂಪ್ ಎಂಬ ವಿದ್ವಾಂಸರು 1998ರಲ್ಲಿ ಹಾಕಿದ ಅಡಿಪಾಯದ ಮೇಲೆ ಫ್ರಾಂಕ್ ಗೀಲ್ಸ್ 2002ರಲ್ಲಿ ಪ್ರಸಿದ್ಧ ಲೇಖನವೊಂದನ್ನು ಬರೆದರು. ದೊಡ್ಡ ಬದಲಾವಣೆಗಳು ಮೂರು ಹಂತಗಳ ಹೊಂದಾಣಿಕೆಯಿಂದ ಆಗುತ್ತವೆ ಎಂಬುದು ಅದರ ಸಾರ. ಭತ್ತದ ಗದ್ದೆ ಕಂಡವರಿಗೆ ಇದು ಕಷ್ಟವಲ್ಲ. ಸಸಿಮಡಿ ಒಂದು, ಗದ್ದೆ ಒಂದು, ಮಳೆಗಾಲ ಒಂದು. ಹೊಸದು ಮೊದಲು ಸಸಿಮಡಿಯಲ್ಲಿ, ಆರೈಕೆಯಲ್ಲಿ ಏಳುತ್ತದೆ. ಗದ್ದೆ ಎಂದರೆ ಬೇರೂರಿದ ವ್ಯವಸ್ಥೆ: ಕಾನೂನು, ಸಾಲ, ಕಸುಬು, ಅಭ್ಯಾಸ, ಎಲ್ಲವೂ ಒಂದನ್ನೊಂದು ಹಿಡಿದುಕೊಂಡಿರುತ್ತವೆ. ಮಳೆಗಾಲ ಎಂದರೆ ಯಾರ ಕೈಯಲ್ಲೂ ಇಲ್ಲದ ಹೊರಗಿನ ಪರಿಸ್ಥಿತಿ. ಸಸಿ ಬಲಿತಿರಬೇಕು, ಗದ್ದೆ ಸಡಿಲಾಗಿರಬೇಕು, ಮಳೆಯೂ ಆಗಬೇಕು. ಆಗ ನಾಟಿ.

ಗೀಲ್ಸ್ ಆರಿಸಿಕೊಂಡ ಉದಾಹರಣೆ ಹಾಯಿಹಡಗು ಹೋಗಿ ಉಗಿಹಡಗು ಬಂದ ಕಥೆ. ಉಗಿಹಡಗು ಒಂದೇ ದಿನ ಗೆಲ್ಲಲಿಲ್ಲ. ಮೊದಮೊದಲು ಅದು ತುಟ್ಟಿ, ನಂಬಿಕೆಗೂ ಅರ್ಹವಲ್ಲ. ಅಂಚೆ ಸಾಗಣೆಗೆಂದು ಸರ್ಕಾರ ಕೊಟ್ಟ ಸಹಾಯಧನವೇ ಅದರ ಸಸಿಮಡಿಯಾಯಿತು. ದಶಕಗಳ ನಂತರ ಅದು ಗದ್ದೆಗೆ ಬಂತು.

ನೌಪಾಡಾವನ್ನು ಅರ್ಥ ಮಾಡಿಕೊಳ್ಳಲು ಈ ಸಿದ್ಧಾಂತ ತುಂಬ ಉಪಯುಕ್ತ. ಯಾಕೆ ಎಲ್ಲರೂ ರಿಪೇರಿ ಬಿಟ್ಟು ಗೋಪುರವನ್ನೇ ಆರಿಸುತ್ತಾರೆ ಎಂಬುದಕ್ಕೆ ಅದು ಜನರ ಗುಣವನ್ನು ದೂರುವುದಿಲ್ಲ, ಗದ್ದೆಯನ್ನು ತೋರಿಸುತ್ತದೆ. ಬ್ಯಾಂಕು ಹೊಸ ಫ್ಲ್ಯಾಟಿಗೆ ಇಪ್ಪತ್ತು ವರ್ಷದ ಸಾಲ ಕೊಡುತ್ತದೆ, ಐವತ್ತು ವರ್ಷದ ಸೊಸೈಟಿಯ ಕಂಬಗಳಿಗೆ ಸಾಲ ಸಿಗುವುದು ಕಷ್ಟ. ಪಾಲಿಕೆ ಮುದಿ ಕಟ್ಟಡಗಳನ್ನು ಸಿ-1, ಸಿ-2ಎ, ಸಿ-2ಬಿ, ಸಿ-3 ಎಂದು ವಿಂಗಡಿಸುತ್ತದೆ. ಸಿ-1 ಎಂದರೆ ಕೂಡಲೇ ಖಾಲಿ ಮಾಡಿ ಕೆಡವಬೇಕಾದದ್ದು. ಸಿ-2ಬಿ ಎಂದರೆ ಜನ ಇದ್ದಂತೆಯೇ ರಿಪೇರಿ ಮಾಡಬಹುದಾದದ್ದು. ಸಹಜವಾಗಿ ಸಿ-2ಬಿ ಬಂದರೆ ಜನ ಸಮಾಧಾನಪಡಬೇಕು. ಆದರೆ ರಿಪೇರಿಗೆ ಕೈಯಿಂದ ದುಡ್ಡು ಹಾಕಬೇಕು, ಕೆಡವಿದರೆ ಕೈಗೆ ದುಡ್ಡು ಬರುತ್ತದೆ. ಗಟ್ಟಿಯಾಗಿದೆ ಎಂಬ ವರದಿಯೇ ನಿರಾಸೆ ತರುವಂಥ ಏರ್ಪಾಡಿದು.

ಆದರೆ ಈ ಸಿದ್ಧಾಂತ ಒಂದು ಪ್ರಶ್ನೆಯನ್ನು ಕೇಳುವುದೇ ಇಲ್ಲ. ಎಷ್ಟು? ಹಾಯಿ ಹೋಗಿ ಉಗಿ ಬಂತು, ಸರಿ. ಒಟ್ಟು ಎಷ್ಟು ಹಡಗು, ಎಷ್ಟು ಕಲ್ಲಿದ್ದಲು? ಅದೇ ಉಗಿಯಂತ್ರದ ಬಗ್ಗೆ 1865ರಲ್ಲೇ ವಿಲಿಯಂ ಸ್ಟ್ಯಾನ್ಲಿ ಜೆವೊನ್ಸ್ ಎಚ್ಚರಿಸಿದ್ದರು: ಯಂತ್ರ ಕಲ್ಲಿದ್ದಲನ್ನು ಮಿತವಾಗಿ ಬಳಸತೊಡಗಿದಷ್ಟೂ ದೇಶದ ಒಟ್ಟು ಬಳಕೆ ಏರುತ್ತದೆ. ಈಗಲೂ ಹಾಗೆಯೇ. 2024ರ ಸೆಪ್ಟೆಂಬರ್ 30ರಂದು ಬ್ರಿಟನ್ ತನ್ನ ಕೊನೆಯ ಕಲ್ಲಿದ್ದಲು ವಿದ್ಯುತ್ ಸ್ಥಾವರವನ್ನು ಮುಚ್ಚಿತು. ಅದು ಸ್ಥಿತ್ಯಂತರದ ದೊಡ್ಡ ಗೆಲುವು. ಅದೇ ವರ್ಷ ಜಗತ್ತಿನ ಕಲ್ಲಿದ್ದಲು ಬಳಕೆ ಹೊಸ ದಾಖಲೆ ಮುಟ್ಟಿತು.

ನೌಪಾಡಾದ ಹೊಸ ಗೋಪುರವನ್ನು ಈ ಕಣ್ಣಿನಿಂದ ನೋಡಬೇಕು. ಅದರ ಕರಪತ್ರದಲ್ಲಿ ಸೋಲಾರ್ ಇದೆ, ಮಳೆನೀರು ಕೊಯ್ಲು ಇದೆ, ಎಲೆಕ್ಟ್ರಿಕ್ ಕಾರಿಗೆ ಚಾರ್ಜಿಂಗ್ ಇದೆ. ಸಸಿಮಡಿಯ ಸಸಿಗಳೆಲ್ಲ ಗದ್ದೆಗೆ ಬಂದಂತೆ ಕಾಣುತ್ತದೆ. ಆದರೆ 2,400 ಚದರಡಿಯ ಛಾವಣಿಯನ್ನು ಹದಿನಾರು ಮನೆ ಹಂಚಿಕೊಂಡಾಗ ಮನೆಗೆ 150 ಚದರಡಿ ಸಿಗುತ್ತಿತ್ತು. ಅಷ್ಟೇ ಛಾವಣಿಯನ್ನು ಅರವತ್ತು ಮನೆ ಹಂಚಿಕೊಂಡರೆ 40. ಒಂದು ಕಿಲೋವ್ಯಾಟ್ ಸೋಲಾರಿಗೆ ನೆರಳಿಲ್ಲದ ಸುಮಾರು 100 ಚದರಡಿ ಬೇಕು. ಹಳೆಯ ಕಟ್ಟಡದ ಮನೆಗಳು ಬಿಸಿಲಿನಿಂದಲೇ ಬಹುಮಟ್ಟಿಗೆ ನಡೆಯಬಹುದಿತ್ತು, ಹೊಸದರಲ್ಲಿ ಬಿಸಿಲು ಲಿಫ್ಟಿಗೂ ಮೆಟ್ಟಿಲ ದೀಪಕ್ಕೂ ಸಾಕಾದರೆ ಹೆಚ್ಚು. ಜಗತ್ತಿನ ಇಂಗಾಲದ ಡೈಆಕ್ಸೈಡಿನಲ್ಲಿ ನೂರಕ್ಕೆ ಏಳೆಂಟು ಪಾಲು ಸಿಮೆಂಟಿನಿಂದ ಬರುತ್ತದೆ. ಕೆಡವಿದ ಕಟ್ಟಡದ ಸಿಮೆಂಟು ಒಮ್ಮೆ ಸುಟ್ಟದ್ದು, ಹೊಸದಕ್ಕೆ ಮತ್ತೊಮ್ಮೆ ಸುಡಬೇಕು. ಇನ್ನು ನೀರು. ಥಾಣೆ, ಮುಂಬಯಿಗಳಿಗೆ ನೀರು ಕೊಡುವ ಭಾತ್ಸಾ, ತಾನ್ಸಾ ಅಣೆಕಟ್ಟುಗಳು ಇರುವ ಶಹಾಪುರ ತಾಲ್ಲೂಕಿನ ಹಳ್ಳಿಗಳೇ ಬೇಸಿಗೆಯಲ್ಲಿ ಟ್ಯಾಂಕರಿಗೆ ಕಾಯುತ್ತವೆ. ಹಸಿರು ಕಟ್ಟಡದ ಪ್ರಮಾಣಪತ್ರದಲ್ಲಿ ಆ ಹಳ್ಳಿಗಳಿಗೆ ಒಂದು ಸಾಲೂ ಇರುವುದಿಲ್ಲ.

*

ಎಷ್ಟು ಎಂದು ಕೇಳುವುದೇ ಡಿಗ್ರೋತ್‌ನ ಕೆಲಸ. ಫ್ರೆಂಚ್ ಚಿಂತಕ ಆಂದ್ರೆ ಗೋರ್ಜ್ 1972ರಲ್ಲಿ ಈ ಅರ್ಥದ ಪದವನ್ನು ಬಳಸಿದರು. ಅದರ ಹಿಂದಿನ ವರ್ಷವಷ್ಟೇ ನಿಕೊಲಸ್ ಜಾರ್ಜೆಸ್ಕು-ರೋಗನ್ ಎಂಬ ಅರ್ಥಶಾಸ್ತ್ರಜ್ಞರು, ಹಣ ಎಷ್ಟು ಬೇಕಾದರೂ ಸುತ್ತಬಹುದು, ಆದರೆ ಒಮ್ಮೆ ಸುಟ್ಟ ಶಕ್ತಿ ಮರಳಿ ಬಾರದು ಎಂಬುದನ್ನು ಅರ್ಥಶಾಸ್ತ್ರದ ಬುಡಕ್ಕೇ ತಂದಿದ್ದರು. 2008ರಲ್ಲಿ ಪ್ಯಾರಿಸಿನಲ್ಲಿ ಡಿಗ್ರೋತ್‌ನ ಮೊದಲ ಅಂತರರಾಷ್ಟ್ರೀಯ ಸಮ್ಮೇಳನ ನಡೆಯಿತು. ಇದು ಬಡತನದ ಬೋಧನೆಯಲ್ಲ, ಆರ್ಥಿಕ ಕುಸಿತವೂ ಅಲ್ಲ. ಹೆಚ್ಚು ಬಳಸುವವರು ಯೋಚಿಸಿ, ಒಪ್ಪಿ, ಹಂತಹಂತವಾಗಿ ಬಳಕೆ ಇಳಿಸುವುದು, ಉಳಿದವರಿಗೆ ಬದುಕಲು ಎಡೆ ಬಿಡುವುದು.

ಇಲ್ಲಿ ಏಳುವ ಮೊದಲ ಆಕ್ಷೇಪ ನ್ಯಾಯವಾದದ್ದು. ಭಾರತೀಯನೊಬ್ಬ ವರ್ಷಕ್ಕೆ ಸರಾಸರಿ ಎರಡು ಟನ್ ಇಂಗಾಲದ ಡೈಆಕ್ಸೈಡ್ ಬಿಡುತ್ತಾನೆ, ಅಮೆರಿಕದವನು ಸುಮಾರು ಹದಿನಾಲ್ಕು. ಹೀಗಿರುವಾಗ ಇಳಿಸಿಕೊಳ್ಳುವ ಮಾತನ್ನು ಇಲ್ಲಿ ಯಾಕೆ ಎತ್ತಬೇಕು? ದೇಶದ ಸರಾಸರಿಗೆ ಈ ಪ್ರಶ್ನೆ ಸರಿ. ಆದರೆ ಸರಾಸರಿಯೊಳಗೆ ಥಾಣೆಯ ಗೋಪುರವೂ ಇದೆ, ಶಹಾಪುರದ ಟ್ಯಾಂಕರಿನ ಸರದಿಯೂ ಇದೆ. ಮೇಲಾಗಿ ಈ ಯೋಚನೆ ನಮ್ಮ ನೆಲಕ್ಕೆ ಹೊಸದಲ್ಲ. ವೃತ್ತಿಯಿಂದ ಲೆಕ್ಕಪರಿಶೋಧಕರಾಗಿದ್ದ ಜೆ.ಸಿ. ಕುಮಾರಪ್ಪ ತಮ್ಮ ಶಾಶ್ವತತೆಯ ಅರ್ಥಶಾಸ್ತ್ರದ ಪುಸ್ತಕವನ್ನು ಪ್ರಕಟಿಸಿದ್ದು 1945ರಲ್ಲಿ. ಕರ್ನಾಟಕದಲ್ಲಿ 1983ರಲ್ಲಿ ಶಿರಸಿ ಸೀಮೆಯ ಸಾಲ್ಕಣಿಯ ಜನ ಮರಗಳನ್ನು ಅಪ್ಪಿಕೊಂಡರು. 2015ರಲ್ಲಿ ರಂಗಕರ್ಮಿ ಪ್ರಸನ್ನ ಮತ್ತು ಜೊತೆಗಾರರು ನಂಜನಗೂಡು ತಾಲ್ಲೂಕಿನ ಬದನವಾಳುವಿನಲ್ಲಿ ಸುಸ್ಥಿರ ಬದುಕಿಗಾಗಿ ಸತ್ಯಾಗ್ರಹ ನಡೆಸಿದರು.

ಆದರೆ ಗಮನಿಸಬೇಕಾದ ಒಂದು ಸಂಗತಿ ಇದೆ. ಕನ್ನಡದಲ್ಲಿ ಈ ಮಾತು ಯಾವಾಗಲೂ ಹಳ್ಳಿ, ಕಾಡು, ಮಗ್ಗಗಳ ಸುತ್ತಲೇ ನಡೆದಿದೆ. ಮೂರನೆಯ ಮಹಡಿಯ ಫ್ಲ್ಯಾಟಿನಲ್ಲಿ ಕುಳಿತ, ಹಿಂತಿರುಗಲು ಊರೇ ಉಳಿದಿರದ ಅಜ್ಜಿಗೆ ಅದರಲ್ಲಿ ಉತ್ತರವಿಲ್ಲ. ಐದು ಜನರ ಸಂಸಾರ 350 ಚದರಡಿಯಲ್ಲಿ ಇರುವಾಗ, ಮಗನ ಮದುವೆಗೆ ಒಂದು ಕೋಣೆ ಬೇಕಾಗಿರುವಾಗ, "ಇದ್ದುದರಲ್ಲೇ ತೃಪ್ತಿಪಡಿ" ಎಂದು ಸಭೆಯಲ್ಲಿ ಎದ್ದು ಹೇಳುವುದು ಕ್ರೌರ್ಯವಾಗುತ್ತದೆ. ಡಿಗ್ರೋತ್ ಎಲ್ಲಿಗೆ ಹೋಗಬೇಕೆಂದು ಹೇಳುತ್ತದೆ, ಹೊರಡುವುದು ಯಾವ ಬಾಗಿಲಿನಿಂದ ಎಂದು ಹೇಳುವುದಿಲ್ಲ. ಗದ್ದೆ ಹೇಗೆ ಸಡಿಲಾಗುತ್ತದೆ ಎಂಬ ಜ್ಞಾನ ಅದಕ್ಕೆ ಕಡಿಮೆ. ಆ ಜ್ಞಾನ ಸ್ಥಿತ್ಯಂತರದವರಲ್ಲಿದೆ.

2019ರಲ್ಲಿ ವ್ಯಾಂಡೆವೆಂಟರ್, ಕಟ್ಟಾನಿಯೋ, ಜೋಗ್ರಾಫೋಸ್ ಎಂಬ ಮೂವರು ವಿದ್ವಾಂಸರು ಇವೆರಡನ್ನೂ ಜೋಡಿಸಲು ನೋಡಿದರು. ಬೆಳವಣಿಗೆಯನ್ನು ಅವಲಂಬಿಸಿದ ಬಂಡವಾಳ ವ್ಯವಸ್ಥೆಯೇ ಗದ್ದೆ, ಡಿಗ್ರೋತ್ ಒಂದು ಸಸಿಮಡಿ ಎಂಬುದು ಅವರ ಲೆಕ್ಕ. ಆರಂಭಕ್ಕೆ ಒಳ್ಳೆಯದು. ಆದರೆ ನೌಪಾಡಾ ಕಲಿಸುವ ಪಾಠ ಇನ್ನೂ ಸಣ್ಣದು, ಇನ್ನೂ ಹತ್ತಿರದ್ದು. ಮೊದಲು ಬಿಚ್ಚಬೇಕಾದ ಗಂಟು ಬಂಡವಾಳ ವ್ಯವಸ್ಥೆಯಷ್ಟು ದೊಡ್ಡದಲ್ಲ. ರಿಪೇರಿ ಮತ್ತು ಬೆಳವಣಿಗೆಯ ನಡುವೆ ಹಾಕಿರುವ ಗಂಟು ಅದು.

*

ಈ ಗಂಟು ಹಾಕಿದ್ದು ಯಾವಾಗ ಎಂದು ತಿಳಿದಿದೆ. ಆದ್ದರಿಂದಲೇ ಅದು ದೈವದತ್ತವಲ್ಲ. 1947ರ ಬಾಡಿಗೆ ನಿಯಂತ್ರಣ ಕಾಯಿದೆ ಮುಂಬಯಿಯ ಬಾಡಿಗೆಗಳನ್ನು 1940ರ ಸೆಪ್ಟೆಂಬರ್ 1ರ ಮಟ್ಟಕ್ಕೆ ಕಟ್ಟಿಹಾಕಿತು. ಬಾಡಿಗೆದಾರರು ಉಳಿದುಕೊಂಡರು, ಆದರೆ ಮಾಲೀಕರು ರಿಪೇರಿ ನಿಲ್ಲಿಸಿದರು. ಕಟ್ಟಡಗಳು ಬೀಳತೊಡಗಿದಾಗ 1969ರ ಕಾಯಿದೆಯಿಂದ ರಿಪೇರಿ ಮಂಡಳಿ ಬಂತು. ಹಳೆಯ ಕಟ್ಟಡಗಳಿಂದ ಸೆಸ್ ವಸೂಲಿ ಮಾಡಿ, ಸರ್ಕಾರದ ಪಾಲು ಸೇರಿಸಿ, ಆ ಹಣದಲ್ಲಿ ಕಂಬ, ತೊಲೆ, ಮೆಟ್ಟಿಲು ಸರಿಪಡಿಸುವುದು ಅದರ ಕೆಲಸ. ದಕ್ಷಿಣ ಮುಂಬಯಿಯ ಸುಮಾರು 19 ಸಾವಿರ ಕಟ್ಟಡಗಳು ಅದರ ವ್ಯಾಪ್ತಿಗೆ ಬಂದವು. ಮಂಡಳಿಯ ಕೆಲಸ ನಿಧಾನ, ಹಣ ಸಾಲದು, ಗುಣಮಟ್ಟದ ಬಗ್ಗೆ ದೂರುಗಳು ಬೇಕಾದಷ್ಟು. ಆದರೂ ಅದರ ತತ್ವವನ್ನು ಮರೆಯಬಾರದು: ರಿಪೇರಿಯ ದುಡ್ಡು ತೆರಿಗೆಯಿಂದ ಬರುತ್ತಿತ್ತು, ಹೊಸ ಮಹಡಿ ಮಾರಿ ಅಲ್ಲ.

ಆಮೇಲೆ 1991ರ ಮುಂಬಯಿ ನಿಯಮಾವಳಿ ದಾರಿ ಬದಲಿಸಿತು. ಸೆಸ್ ಕಟ್ಟಡ ಕೆಡವಿ ಕಟ್ಟುವವರಿಗೆ ಹೆಚ್ಚುವರಿ ಎಫ್‌ಎಸ್‌ಐ, ಜೊತೆಗೆ ಟಿಡಿಆರ್. ಸರ್ಕಾರದ ಕೈಯಿಂದ ಒಂದು ರೂಪಾಯಿ ಹೋಗದೆ ಎಲ್ಲರಿಗೂ ಮನೆ ಸಿಗುವ ಚಮತ್ಕಾರದಂತೆ ಅದು ಕಂಡಿತು. ಅದೇ ಯೋಚನೆ ಥಾಣೆಗೂ ಬಂತು. ಆದರೆ 1969ರ ಸೆಸ್ ಮಾತ್ರ ದ್ವೀಪ ನಗರದಾಚೆಗೆ ಬರಲೇ ಇಲ್ಲ. ಹೀಗೆ ಥಾಣೆಗೆ ಚಮತ್ಕಾರ ಸಿಕ್ಕಿತು, ಮಂಡಳಿ ಸಿಗಲಿಲ್ಲ.

ಈ ಗದ್ದೆಯಲ್ಲಿ ಒಂದು ಸಸಿಮಡಿಯೂ ಇದೆ. 2019ರ ಸೆಪ್ಟೆಂಬರ್ 13ರ ಸರ್ಕಾರಿ ಆದೇಶ ಸ್ವಯಂ ಪುನರ್‌ವಿಕಾಸಕ್ಕೆ, ಅಂದರೆ ಬಿಲ್ಡರ್ ಇಲ್ಲದೆ ಸೊಸೈಟಿಯೇ ಸಾಲ ತಂದು ಕಟ್ಟಿಸುವುದಕ್ಕೆ, ರಿಯಾಯಿತಿ ಕೊಟ್ಟಿತು. ಸ್ಥಿತ್ಯಂತರದ ಕಣ್ಣಿಗೆ ಇದು ಒಳ್ಳೆಯ ಸಸಿ. ಡಿಗ್ರೋತ್‌ನ ಕಣ್ಣಿಗೆ ಅರೆಮನಸ್ಸಿನದು, ಯಾಕೆಂದರೆ ಲಾಭ ಯಾರಿಗೆ ಎಂಬುದು ಬದಲಾದರೂ ಮಹಡಿ ಮಾರುವುದು ಬದಲಾಗಲಿಲ್ಲ. ಎರಡು ಕಣ್ಣೂ ಸೇರಿಸಿ ನೋಡಿದರೆ ಮೂರನೆಯದೊಂದು ಕಾಣುತ್ತದೆ. ಸಾಲ ತರುವುದು, ಎಂಜಿನಿಯರನ್ನು ನೇಮಿಸುವುದು, ಗುತ್ತಿಗೆದಾರನ ಬಿಲ್ಲು ಪರೀಕ್ಷಿಸುವುದು ಇವನ್ನೆಲ್ಲ ಕಲಿತ ಸೊಸೈಟಿ ಅದೇ ವಿದ್ಯೆಯನ್ನು ರಿಪೇರಿಗೂ ಬಳಸಬಲ್ಲದು. ಸಸಿಯ ಬೆಲೆ ಅದು ಇವತ್ತು ಏನು ಎಂಬುದರಲ್ಲಷ್ಟೇ ಇಲ್ಲ, ಯಾವ ಗದ್ದೆಗೆ ನಾಟಿ ಮಾಡುತ್ತೇವೆ ಎಂಬುದರಲ್ಲಿಯೂ ಇದೆ.

*

ಹಾಗಾದರೆ ಮಾಡಬೇಕಾದ್ದೇನು? ಒಂದು ಕಡೆ ಏರಿಸಬೇಕು, ಇನ್ನೊಂದು ಕಡೆ ಇಳಿಸಬೇಕು, ಎರಡೂ ಒಟ್ಟೊಟ್ಟಿಗೆ.

ಏರಿಸಬೇಕಾದ್ದು ರಿಪೇರಿಯ ಬಲ. ಮೊದಲನೆಯದಾಗಿ ಆ ಎರಡು ನಿಧಿಗಳನ್ನು ಅಂದಿನ ವೆಚ್ಚದ ಬದಲು ಇಂದಿನ ಕಟ್ಟುವ ವೆಚ್ಚಕ್ಕೆ ಕಟ್ಟಬೇಕು. 500 ಚದರಡಿಯ ಮನೆಗೆ ಚದರಡಿಗೆ 2,500 ರೂಪಾಯಿ ಎಂದು ಹಿಡಿದರೆ ವೆಚ್ಚ 12.5 ಲಕ್ಷ, ಅದರ ಶೇಕಡಾ ಒಂದು ವರ್ಷಕ್ಕೆ 12,500. ತಿಂಗಳಿಗೆ ಸಾವಿರದ ಚಿಲ್ಲರೆ. ಹದಿನಾರು ಮನೆಗಳಿಂದ ವರ್ಷಕ್ಕೆ ಎರಡು ಲಕ್ಷ. 6,400 ಎಲ್ಲಿ, ಎರಡು ಲಕ್ಷ ಎಲ್ಲಿ! ಗೋಪುರಕ್ಕೆ ಹೋದ ಮೇಲೆ ಲಿಫ್ಟು, ಪಂಪು, ಕಾವಲುಗಾರರೆಂದು ತಿಂಗಳ ಮೇಂಟೆನೆನ್ಸ್ ಹೇಗೂ ಏರುತ್ತದೆ. ಪಿಂಚಣಿಯಲ್ಲಿ ಬದುಕುವವರು ಅದನ್ನು ತಡೆಯಲಾರದೆ ಉಚಿತವಾಗಿ ಸಿಕ್ಕ ಮನೆಯನ್ನು ಮಾರಿ ಬದಲಾಪುರದ ಕಡೆಗೆ ಹೋಗಬೇಕಾಗುತ್ತದೆ. ಎರಡನೆಯದಾಗಿ, ಹೆಚ್ಚುವರಿ ಎಫ್‌ಎಸ್‌ಐಗೆಂದು ವಸೂಲಾಗುವ ಪ್ರೀಮಿಯಂನ ಒಂದು ಪಾಲು ಥಾಣೆಯದೇ ಆದ ರಿಪೇರಿ ನಿಧಿಗೆ ಹೋಗಬೇಕು. ಕಿರಿದಾದ ಗಲ್ಲಿಯ, ಬಿಲ್ಡರ್ ಬಾರದ ಕಟ್ಟಡಗಳಿಗೆ ಕಂಬ ಬಲಪಡಿಸಲು, ಜಾಗವಿದ್ದಲ್ಲಿ ಹೊರಗೋಡೆಗೆ ಹೊಂದಿಸಿ ಲಿಫ್ಟ್ ಕಟ್ಟಲು ಅದರಿಂದ ಕಡಿಮೆ ಬಡ್ಡಿಯ ಸಾಲ ಸಿಗಬೇಕು. ಬೆಳವಣಿಗೆ ನಿಲ್ಲುವ ಮೊದಲು ಅದರ ಕೈಯಿಂದಲೇ ಬೆಳವಣಿಗೆಯಿಲ್ಲದ ನಾಳೆಗೆ ದುಡ್ಡು ಕೂಡಿಸಿಕೊಳ್ಳುವ ದಾರಿ ಇದು.

ಇಳಿಸಬೇಕಾದ್ದು ಕೆಡವುವುದಕ್ಕೆ ಸಿಗುವ ಬಹುಮಾನ. ಸಿ-1 ಕಟ್ಟಡಕ್ಕೆ ಪ್ರೋತ್ಸಾಹ ಇರಲಿ, ಅಲ್ಲಿ ಜೀವದ ಪ್ರಶ್ನೆ ಇದೆ. ರಿಪೇರಿಗೆ ಒಗ್ಗುವ ಸಿ-2, ಸಿ-3 ಕಟ್ಟಡಗಳನ್ನು ಕೆಡವಲು ಕೊಡುವ ಹೆಚ್ಚುವರಿ ಎಫ್‌ಎಸ್‌ಐ ವರ್ಷವರ್ಷಕ್ಕೆ ಇಷ್ಟಿಷ್ಟು ಇಳಿಯುತ್ತದೆ ಎಂದು ಮುಂಚೆಯೇ ದಿನಾಂಕ ಸಾರಬೇಕು. ಬ್ರಿಟನ್ ಕಲ್ಲಿದ್ದಲಿಗೆ ಕೊನೆಯ ದಿನ ಗೊತ್ತು ಮಾಡಿದ್ದು ಹೀಗೆಯೇ. ಮುಂಚೆ ಹೇಳಿದರೆ ಬ್ಯಾಂಕು, ಬಿಲ್ಡರ್, ಪಾಲಿಕೆ, ಎಲ್ಲರೂ ಲೆಕ್ಕ ಬದಲಿಸಿಕೊಳ್ಳುತ್ತಾರೆ.

ಮನೆಯ ಕೊರತೆ? ಅದೇ ಎರಡನೆಯ ದೊಡ್ಡ ಆಕ್ಷೇಪ. 2012ರಲ್ಲಿ ಕೇಂದ್ರ ಸರ್ಕಾರದ ತಾಂತ್ರಿಕ ಸಮಿತಿ ನಗರಗಳಲ್ಲಿ 1.88 ಕೋಟಿ ಮನೆಗಳ ಕೊರತೆ ಇದೆ ಎಂದಿತು. ಅದರಲ್ಲಿ ನೂರಕ್ಕೆ ಎಂಬತ್ತರಷ್ಟು ಇಕ್ಕಟ್ಟಿನಲ್ಲಿ ಬದುಕುವ ಸಂಸಾರಗಳದು. 2011ರ ಜನಗಣತಿಯಲ್ಲಿ ನಗರಗಳಲ್ಲಿ ಬೀಗ ಹಾಕಿ ಖಾಲಿ ಬಿದ್ದಿದ್ದ ಮನೆಗಳು 1.1 ಕೋಟಿ. ಕಟ್ಟಿದ್ದು ಸಾಲದೆ ಹೋದದ್ದು ನಿಜ, ಆದರೆ ಕಟ್ಟಿದ್ದು ತಪ್ಪು ಕೈಗೆ ಹೋದದ್ದೂ ಅಷ್ಟೇ ನಿಜ. ಖಾಲಿ ಫ್ಲ್ಯಾಟಿಗೆ ತೆರಿಗೆ ಹಾಕುವುದು, ಬಾಡಿಗೆಗೆ ಕೊಡುವವರಿಗೆ ಧೈರ್ಯ ಕೊಡುವುದು ಸಿಮೆಂಟಿಲ್ಲದೆ ಮನೆ ಸೃಷ್ಟಿಸುವ ಕೆಲಸ. ಮನೆ ನಿಜವಾಗಿ ಬೇಕಾದವರಿಗೆ ಕಟ್ಟಲೇಬೇಕು. ಡಿಗ್ರೋತ್ ಅದಕ್ಕೆ ಅಡ್ಡ ಬರುವುದಿಲ್ಲ, ಅಡ್ಡ ಬರಲೂಬಾರದು. ಸಭೆಯಲ್ಲಿ ಓಟು ಇಲ್ಲದವರನ್ನೂ ಈ ಲೆಕ್ಕಕ್ಕೆ ಸೇರಿಸಬೇಕು: ಮೆಟ್ಟಿಲಡಿ ಇಸ್ತ್ರಿ ಮಾಡುವವನು, ನಾಲ್ಕು ಮನೆಗಳ ಪಾತ್ರೆ ತೊಳೆಯುವವಳು, ಕಾಂಪೌಂಡಿನ ಮೂಲೆಯ ಚಪ್ಪಲಿ ಹೊಲಿಯುವವನು. ಹಳೆಯ ನೌಪಾಡಾದ ಸಂದುಗೊಂದುಗಳಲ್ಲಿ ಅವರಿಗೆ ಜಾಗವಿತ್ತು. ಗೋಪುರದ ನಕ್ಷೆಯಲ್ಲಿ ಆ ಜಾಗ ಪಾರ್ಕಿಂಗ್.

*

ಮರಾಠಿಯಲ್ಲಿ ರೀಡೆವಲಪ್‌ಮೆಂಟಿಗೆ ಪುನರ್ವಿಕಾಸ ಎನ್ನುತ್ತಾರೆ. ಕನ್ನಡದ ಅಧಿಕೃತ ಪದ ಪುನರಭಿವೃದ್ಧಿ. ನಮ್ಮ ಅಭಿವೃದ್ಧಿ ಎಂಬ ಮಾತು ಹಿಗ್ಗುವುದು, ಒಳ್ಳೆಯದಾಗುವುದು ಎರಡಕ್ಕೂ ಒಂದೇ ಆಗಿ ಕುಳಿತುಬಿಟ್ಟಿದೆ. ಆದ್ದರಿಂದ ಹಿಗ್ಗದೆ ಒಳ್ಳೆಯದಾಗುವುದನ್ನು ಹೇಳಲು ಮಾತೇ ಇಲ್ಲವೇನೋ ಅನ್ನಿಸುತ್ತದೆ. ಆದರೆ ಇದೆ. ಕನ್ನಡ ನಾಡಿನ ನೂರಾರು ಶಾಸನಗಳಲ್ಲಿ, ದೇಗುಲಕ್ಕೋ ಬಸದಿಗೋ ಭೂಮಿ ಬಿಟ್ಟ ದತ್ತಿಯ ವಿವರದಲ್ಲಿ, ಪೂಜೆ, ನೈವೇದ್ಯ, ಅನ್ನದಾನಗಳ ಸಾಲಿನಲ್ಲೇ ಖಂಡಸ್ಫುಟಿತ ಜೀರ್ಣೋದ್ಧಾರ ಎಂಬ ಮಾತು ಬರುತ್ತದೆ. ಒಡೆದದ್ದು, ಬಿರುಕು ಬಿಟ್ಟದ್ದು, ಹಳತಾದದ್ದು, ಇವನ್ನು ಸರಿಪಡಿಸುವುದಕ್ಕೆ ಎಂದು. ಕಟ್ಟಿದವರಿಗೆ ಕಲ್ಲೂ ಬಿರಿಯುತ್ತದೆ ಎಂಬುದು ಗೊತ್ತಿತ್ತು. ದೇವರ ಅನ್ನಕ್ಕೆ ಗದ್ದೆ ಬಿಟ್ಟ ಹಾಗೆಯೇ ಮುಂದೆ ಬೀಳಲಿರುವ ಬಿರುಕಿಗೂ ಅವರು ಗದ್ದೆ ಬಿಟ್ಟಿದ್ದರು.

ನೌಪಾಡಾದ ಸೊಸೈಟಿಯೂ ಕಾಗದದ ಮೇಲೆ ಅದನ್ನೇ ಮಾಡಿದೆ, ವರ್ಷಕ್ಕೆ ನೂರು ರೂಪಾಯಿಯ ಲೆಕ್ಕದಲ್ಲಿ. ಮುಂದಿನ ಸೆಪ್ಟೆಂಬರಿನ ಸಭೆಯಲ್ಲಿ ಯಾರಾದರೂ ಎದ್ದು ಆ ನೂರನ್ನು ಇಂದಿನ ಬೆಲೆಗೆ ತಿದ್ದೋಣ ಎಂದರೆ ಗಲಾಟೆ ಆಗುತ್ತದೆ. ಆದರೆ ಆ ಠರಾವು ಪಾಸಾದರೆ ಮಾತ್ರ ಮೂರನೆಯ ಮಹಡಿಯ ಅಜ್ಜಿಯ ಲಿಫ್ಟಿಗಾಗಿ ಮೇಲೆ ನಲವತ್ತನಾಲ್ಕು ಮನೆ ಕಟ್ಟಬೇಕಾದ ಗತಿ ತಪ್ಪುತ್ತದೆ.